ಸೇನಾ ಕಟ್ಟಡದ ಖರ್ಚು ಅನುದಾನ ಮೀರದಂತೆ ನೋಡಿಕೊಳ್ಳುವುದು ಹೇಗೆ?

ಬೀದರ್ ವಾಯುನೆಲೆಯಲ್ಲಿ ಒಂದು ವಸತಿಗೃಹ ಕಟ್ಟಬೇಕೆಂದರೂ ಹಣಕ್ಕೆ ಸಂಸತ್ತಿನ ಒಪ್ಪಿಗೆ ಬೇಕು. ಸಂವಿಧಾನದ 114ನೇ ವಿಧಿಯಂತೆ, ಖರ್ಚಿಗೆ ಸಂಸತ್ತು ಒಪ್ಪಿಗೆ ಕೊಡುವ ಧನವಿನಿಯೋಗ ಕಾಯ್ದೆಯಿಲ್ಲದೆ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ರೂಪಾಯಿಯೂ ಹೊರಬರುವಂತಿಲ್ಲ. 2025–26ರ ಬಜೆಟ್‌ನಲ್ಲಿ ರಕ್ಷಣಾ ಸೇವೆಗಳ ಬಂಡವಾಳ ವೆಚ್ಚಕ್ಕೆ ಇಟ್ಟಿದ್ದು 1.80 ಲಕ್ಷ ಕೋಟಿ ರೂಪಾಯಿ. ವಿಮಾನ, ಹಡಗು, ಶಸ್ತ್ರಾಸ್ತ್ರ ಖರೀದಿಯೂ ಅದರಲ್ಲೇ ಆಗಬೇಕು. ಹಾಗಾಗಿ ಕಾಮಗಾರಿ ನಡೆಸುವ ಮಿಲಿಟರಿ ಎಂಜಿನಿಯರ್ ಸರ್ವಿಸಸ್‌ಗೆ ಸಿಗುವ ಪ್ರತಿ ರೂಪಾಯಿಗೂ ಲೆಕ್ಕವಿದೆ.

ಮೊದಲು ಮಣ್ಣು, ಆಮೇಲೆ ಅಂದಾಜು

ಖರ್ಚು ಕೈಮೀರುವುದು ಬಹುಪಾಲು ಅಂದಾಜುಪಟ್ಟಿಯಲ್ಲೇ. ನಮ್ಮ ಭಾಗದಲ್ಲಿ ಒಂದು ಕಡೆ ಗಟ್ಟಿ ಜಂಬಿಟ್ಟಿಗೆ ನೆಲವಿದ್ದರೆ, ಸ್ವಲ್ಪ ದೂರದಲ್ಲೇ ಎರೆಭೂಮಿ. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರುಕು ಬಿಡುತ್ತದೆ. ಅಲ್ಲಿ ತಳಪಾಯದ ಖರ್ಚೇ ಬೇರೆ. ಪರೀಕ್ಷೆ ಕಷ್ಟದ್ದಲ್ಲ. ಜರಡಿ ಹಿಡಿದ ಒಣಮಣ್ಣನ್ನು ಹತ್ತತ್ತು ಗ್ರಾಂನಂತೆ ಎರಡು ಅಳತೆ ಗಾಜಿನ ಕೊಳವೆಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಒಂದು ದಿನ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಎಷ್ಟು ಹೆಚ್ಚು ಎದ್ದಿದೆಯೋ ಅದೇ ಉಬ್ಬುವಿಕೆಯ ಅಳತೆ. ಇದನ್ನು ಬಿಟ್ಟು ಹಳೆಯ ಕಟ್ಟಡದ ಅಂದಾಜನ್ನೇ ನಕಲು ಮಾಡಿದರೆ, ಅಗೆತ ಶುರುವಾದ ಮೇಲೆ ಪರಿಷ್ಕೃತ ಅನುಮೋದನೆಗೆ ಕೈಚಾಚಬೇಕಾಗುತ್ತದೆ.

ಹಳೆಯ ಬಾಕಿ ಕಳೆದು ಹೊಸ ಕೆಲಸ

ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ ಹೆಜ್ಜೆ. ಹತ್ತು ಕೋಟಿಯ ಕಾಮಗಾರಿಗೆ ಮೊದಲ ವರ್ಷ ಮೂರು, ಮರುವರ್ಷ ಐದು, ಕೊನೆಗೆ ಎರಡು ಕೋಟಿಯ ಬಿಲ್ ಬರುತ್ತದೆ ಎಂದುಕೊಳ್ಳಿ. ಇಂಥ ನಾಲ್ಕು ಕಾಮಗಾರಿಗಳನ್ನು ಒಟ್ಟಿಗೆ ಶುರು ಮಾಡಿದರೆ ಈ ವರ್ಷ ಹನ್ನೆರಡು ಕೋಟಿ ಸಾಕು, ಮರುವರ್ಷ ಇಪ್ಪತ್ತು ಬೇಕು. ಅನುದಾನ ಹದಿನೈದರಲ್ಲೇ ನಿಂತರೆ ಗುತ್ತಿಗೆದಾರರ ಬಿಲ್ ಬಾಕಿ ಬೀಳುತ್ತದೆ, ಕೂಲಿಯವರ ಬಟವಾಡೆಯೂ ನಿಲ್ಲುತ್ತದೆ. ಆದ್ದರಿಂದ ಹೊಸ ಕೆಲಸದ ಮಂಜೂರಾತಿಗೆ ಮೊದಲೇ, ನಡೆಯುತ್ತಿರುವ ಕೆಲಸಗಳದ್ದೂ ಸೇರಿ ಮುಂದಿನ ಮೂರು ವರ್ಷಗಳ ಪಾವತಿಯನ್ನು ಒಂದೇ ಹಾಳೆಯಲ್ಲಿ ಬರೆದು ಕೂಡಿಸಿ.

ನಡುವೆ ಬರುವ ಬೇಡಿಕೆ

‘ಇನ್ನೊಂದು ಕೋಣೆ ಸೇರಿಸಿ’ ಎಂಬ ಬಾಯಿಮಾತಿಗೆ ಇಟ್ಟಿಗೆ ಇಡಬೇಡಿ. ಲಿಖಿತ ಆದೇಶ ಬೇಕು, ಹಣದ ಮೂಲವೂ ಅದರಲ್ಲಿರಬೇಕು.

ಮಾರ್ಚ್ ಗಡಿಬಿಡಿ ತಪ್ಪಿಸಲು

ಹಣಕಾಸು ಸಚಿವಾಲಯದ ನಿಯಮದಂತೆ ಕೊನೆಯ ತ್ರೈಮಾಸಿಕದಲ್ಲಿ ಬಜೆಟ್ ಅಂದಾಜಿನ ಶೇ 33ಕ್ಕಿಂತ, ಮಾರ್ಚ್ ಒಂದರಲ್ಲೇ ಶೇ 15ಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಜೂನ್‌ನಲ್ಲಿ ಕಾರ್ಯಾದೇಶ ಕೊಟ್ಟರೆ ಎರೆಮಣ್ಣಿನಲ್ಲಿ ಮಳೆ ನಿಲ್ಲುವವರೆಗೂ ಅಗೆಯಲಾಗದು, ಬಿಲ್‌ಗಳೆಲ್ಲ ವರ್ಷದ ತುದಿಗೆ ಬಂದು ಬೀಳುತ್ತವೆ. ಟೆಂಡರ್ ಕೆಲಸವನ್ನು ಮಳೆಗಾಲದಲ್ಲೇ ಮುಗಿಸಿಕೊಂಡು ಅಕ್ಟೋಬರ್‌ನಲ್ಲಿ ತಳಪಾಯ ಹಿಡಿಯಿರಿ. ವರ್ಷದ ನಡುವೆ ಬಜೆಟ್ ಬೇಡಿಕೆಯನ್ನು ತಿದ್ದಿದ ಪರಿಷ್ಕೃತ ಅಂದಾಜು ಕಳಿಸುವ ಹೊತ್ತಿಗೆ, ಆದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕವನ್ನೂ ಅನುದಾನವನ್ನೂ ತಾಳೆ ನೋಡಿ. ಖರ್ಚಾಗದ ಹಣವನ್ನು ಮಾರ್ಚ್ 31ರವರೆಗೆ ಹಿಡಿದಿಟ್ಟುಕೊಳ್ಳದೆ ಆಗಲೇ ಒಪ್ಪಿಸಿಬಿಟ್ಟರೆ, ಬಿಲ್ ಬಾಕಿಯಿರುವ ಇನ್ನೊಂದು ಕಾಮಗಾರಿಗೆ ಅದನ್ನು ಕೊಡಲು ಮೇಲಿನವರಿಗೆ ಸಮಯ ಸಿಗುತ್ತದೆ.