ಅಪ್ಪನ ಹೆಸರಿನ ಮೀಟರ್, ನನ್ನ ಹೆಸರಿನ ಸಬ್ಸಿಡಿ

ದಾವಣಗೆರೆಯ ನಮ್ಮ ಮನೆ ತಾರಸಿಗೆ ಸೋಲಾರ್ ಹಾಕಿಸಿ ಒಂದು ವರ್ಷ ದಾಟಿತು. ಪ್ಯಾನಲ್ ಕೂರಿಸಲು ಹಿಡಿದದ್ದು ಎರಡೇ ದಿನ. ಅಲ್ಲಿಯವರೆಗೆ ಬರಲು ಐದು ತಿಂಗಳು ಬೇಕಾಯಿತು. ಅದರಲ್ಲಿ ಮೂರು ತಿಂಗಳು ಹೋಗಿದ್ದು ಸೋಲಾರ್‌ಗಲ್ಲ, ಅಪ್ಪನ ಹೆಸರಿಗೆ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮನೆ ತಾರಸಿಯ ಸೋಲಾರ್‌ಗೆಂದು ಪಿಎಂ ಸೂರ್ಯಘರ್ ಯೋಜನೆ ತಂದಿತು. ಲೆಕ್ಕ ಸರಳ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರ ರೂಪಾಯಿ ಸಬ್ಸಿಡಿ. ಐದು ಹಾಕಿದರೂ, ಹತ್ತು ಹಾಕಿದರೂ ಅಷ್ಟೇ. ಅದಕ್ಕೇ ಬಹಳ ಜನ ಮೂರಕ್ಕೆ ನಿಲ್ಲಿಸುತ್ತಾರೆ. ನಾನೂ ನಿಲ್ಲಿಸಿದೆ.

ಅರ್ಜಿ ಹಾಕೋಣ ಅಂತ ಕೂತಾಗಲೇ ತೊಡಕು ಗೊತ್ತಾಗಿದ್ದು. ಕರೆಂಟ್ ಬಿಲ್ ಯಾರ ಹೆಸರಲ್ಲಿದೆಯೋ ಅವರೇ ಅರ್ಜಿದಾರರು. ಸಬ್ಸಿಡಿಯೂ ಅವರ ಬ್ಯಾಂಕ್ ಖಾತೆಗೇ. ನಮ್ಮ ಬಿಲ್ ಅಪ್ಪನ ಹೆಸರಲ್ಲಿತ್ತು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬಿಲ್ ತಿಂಗಳಾ ತಿಂಗಳಾ ಬರುತ್ತಿತ್ತು, ಫೋನಿನಲ್ಲಿ ಕಟ್ಟುತ್ತಿದ್ದೆ. ಮೇಲಿನ ಹೆಸರು ಯಾರು ನೋಡ್ತಾರೆ?

ಬಿಲ್‌ನಲ್ಲಿ ಹೆಸರು ಬದಲಾಗಬೇಕಾದರೆ ಮನೆಯ ಖಾತೆ ನನ್ನ ಹೆಸರಿಗೆ ಇರಬೇಕು. ಖಾತೆಯೂ ಅಪ್ಪನ ಹೆಸರಲ್ಲೇ. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಇಬ್ಬರು ಅಕ್ಕಂದಿರ ಒಪ್ಪಿಗೆ. ದೊಡ್ಡಕ್ಕ ಇರುವುದು ಪುಣೆಯಲ್ಲಿ. ಅವಳು ಮೊಮ್ಮಗುವಿನ ನಾಮಕರಣ ಮುಗಿಸಿಕೊಂಡು ಬರುವವರೆಗೆ ಕಾದೆವು. ಕಚೇರಿಯವರ ತಪ್ಪೇನಿಲ್ಲ. ನಾಲ್ಕು ವರ್ಷ ಸುಮ್ನೆ ಕೂತವನು ನಾನು. ಈಗ ಯಾರಾದರೂ ಸೋಲಾರ್ ಬಗ್ಗೆ ಕೇಳಿದರೆ ಪ್ಯಾನಲ್ ಕಂಪನಿ ಯಾವುದು ಅಂತ ಹೇಳುವ ಮೊದಲು 'ಬಿಲ್ ತಗೊಂಡು ಬನ್ನಿ' ಅನ್ನುತ್ತೇನೆ.

ಆಗಸ್ಟ್‌ನಲ್ಲಿ ಅರ್ಜಿ ಹಾಕಿದೆ. ಹತ್ತು ಕಿಲೋವ್ಯಾಟ್ ಒಳಗಿನದಕ್ಕೆ ತಾಂತ್ರಿಕ ಪರಿಶೀಲನೆ ಬೇಡ ಅಂತ ನಿಯಮವೇ ಆಗಿದೆ, ಹಾಗಾಗಿ ಒಪ್ಪಿಗೆಗೆ ಕಾಯಬೇಕಾಗಲಿಲ್ಲ. ಮನೆಯ ಮಂಜೂರಾದ ಲೋಡ್, ಅಂದರೆ ಒಮ್ಮೆಗೆ ಎಳೆಯಬಹುದಾದ ಕರೆಂಟಿನ ಮಿತಿ, ಎರಡು ಕಿಲೋವ್ಯಾಟ್ ಇತ್ತು, ಮೂರಾಯಿತು. ಅದರ ಜೊತೆಗೇ ನಿಗದಿತ ಶುಲ್ಕವೂ ಏರಿತು. ಈ ವಿಷಯ ಯಾವ ಜಾಹೀರಾತಿನಲ್ಲೂ ಕಾಣಲಿಲ್ಲ.

ಆಮೇಲೆ ವೆಂಡರ್ ಹುಡುಕಾಟ. ಪೋರ್ಟಲ್‌ನಲ್ಲಿ ಈ ಯೋಜನೆಗೆ ನೋಂದಾಯಿಸಿಕೊಂಡವರ ಪಟ್ಟಿ ಇರುತ್ತದೆ. ಅದರಲ್ಲಿ ಮೂವರನ್ನು ಕರೆಸಿದೆ. ಮೊದಲನೆಯವರು ಕೊಟ್ಟ ಹಾಳೆಯಲ್ಲಿ ಇದ್ದದ್ದು ಒಂದೇ ಅಂಕಿ, 1,15,000. 'ಇಷ್ಟೇ ಸಾರ್, ಎಲ್ಲಾ ಸೇರಿ.' ಕೆದಕಿದಾಗ ಅದು ಸಬ್ಸಿಡಿ ಕಳೆದ ಮೇಲಿನ ದರ ಅಂತಾಯಿತು. ಸಬ್ಸಿಡಿ ಮೊದಲೇ ಕೈಗೆ ಬರುವುದಿಲ್ಲ. ಪೂರ್ತಿ ದುಡ್ಡು ನಾವು ಕೊಡಬೇಕು. ಪ್ಯಾನಲ್ ಕೂತು, ಲೈನ್‌ನಿಂದ ತಗೊಂಡದ್ದನ್ನೂ ಲೈನ್‌ಗೆ ಕೊಟ್ಟದ್ದನ್ನೂ ಅಳೆಯುವ ನೆಟ್ ಮೀಟರ್ ಬಂದು, ಪರಿಶೀಲನೆ ಮುಗಿದ ಮೇಲೆ ಸರ್ಕಾರ ನಮ್ಮ ಖಾತೆಗೆ ಹಾಕುತ್ತದೆ. ಇದನ್ನು ಸರಿಯಾಗಿ ತಿಳಿದುಕೊಳ್ಳದೆ ಅರ್ಧದಲ್ಲಿ ಪೇಚಿಗೆ ಬಿದ್ದವರು ನಮ್ಮ ಬೀದಿಯಲ್ಲೇ ಇದ್ದಾರೆ. ಕೈಯಲ್ಲಿ ದುಡ್ಡಿಲ್ಲದವರಿಗೆ ಬ್ಯಾಂಕುಗಳು ಇದಕ್ಕೆಂದೇ ಅಡಮಾನವಿಲ್ಲದ ಸಾಲ ಕೊಡುತ್ತವೆ. ನನ್ನ ಕಾಲಕ್ಕೆ ಬಡ್ಡಿ ಶೇ 7ರ ಹತ್ತಿರ ಇತ್ತು. ನನ್ನದೊಂದು ಎಫ್‌ಡಿ ಆಗಷ್ಟೇ ಮುಗಿದಿದ್ದರಿಂದ ಅದನ್ನೇ ಹಾಕಿದೆ.

ಎರಡನೆಯವರ ಮಾತು ಇನ್ನೂ ಸಿಹಿ. ಅವರ ಪ್ಯಾನಲ್ ಅಗ್ಗ. 'ಡಿಸಿಆರ್ ಹೌದಾ?' ಅಂತ ಕೇಳಿದ್ದಕ್ಕೆ ಮಾತು ತೇಲಿಸಿದರು. ಡಿಸಿಆರ್ ಅಂದರೆ ಸೆಲ್ಲೂ ಪ್ಯಾನಲ್ಲೂ ಎರಡೂ ನಮ್ಮ ದೇಶದಲ್ಲೇ ತಯಾರಾಗಿರಬೇಕು. ಹೊರಗಿನ ಸೆಲ್ ತಂದು ಇಲ್ಲಿ ಜೋಡಿಸಿದ್ದಕ್ಕೆ ಸಬ್ಸಿಡಿ ಇಲ್ಲ. ದರದಲ್ಲಿ ಹತ್ತಿಪ್ಪತ್ತು ಸಾವಿರ ಉಳಿಸಲು ಹೋಗಿ 78 ಸಾವಿರ ಕಳೆದುಕೊಳ್ಳುವ ದಾರಿ ಅದು.

ಮೂರನೆಯವರಿಗೆ ಕೊಟ್ಟೆ. 550 ವ್ಯಾಟ್‌ನ ಆರು ಪ್ಯಾನಲ್, ಪ್ಯಾನಲ್ ಕರೆಂಟನ್ನು ಮನೆ ಬಳಕೆಗೆ ತಕ್ಕಂತೆ ಬದಲಿಸುವ 3 ಕಿಲೋವ್ಯಾಟ್ ಇನ್ವರ್ಟರ್, ಒಟ್ಟು 2,05,000. ಅದರಲ್ಲಿ 15 ಸಾವಿರ ಹೋಗಿದ್ದು ಅಮ್ಮನ ಹಪ್ಪಳಕ್ಕಾಗಿ. 'ತಾರಸಿ ತುಂಬಾ ಗಾಜು ಹಾಸಿದ್ರೆ ನಾನು ಹಪ್ಪಳ ಎಲ್ಲಿ ಒಣಗಿಸ್ಲಿ?' ಅಂದರು. ಅದಕ್ಕೆ ಕಂಬ ಎತ್ತರಿಸಿ ಎಂಟಡಿ ಮೇಲೆ ಕೂರಿಸಿದೆವು. ಆದರೆ ಅಮ್ಮ ಹಪ್ಪಳಕ್ಕೆ ಈಗಲೂ ಪ್ಯಾನಲ್ ನೆರಳು ಬೀಳದ ಮೂಲೆಯನ್ನೇ ಹುಡುಕುತ್ತಾರೆ. ಬಟ್ಟೆ ಒಣಗಿಸಲು ಮಾತ್ರ ಕೆಳಗಿನ ಜಾಗ ಚೆನ್ನಾಗಿದೆ.

ಪಕ್ಕದ ಮನೆಯ ತೆಂಗಿನ ಮರದ ಕಥೆಯನ್ನೂ ಹೇಳಬೇಕು. ಮಧ್ಯಾಹ್ನ ಮೂರೂವರೆಗೆ ಅದರ ಒಂದು ಗರಿಯ ನೆರಳು ಕೊನೆಯ ಪ್ಯಾನಲ್ ಮೇಲೆ ಬೀಳುತ್ತಿತ್ತು. ಒಂದೇ ಗರಿ ಅಲ್ವಾ ಅಂತ ಬಿಟ್ಟಿದ್ದೆ. ಆರೂ ಪ್ಯಾನಲ್ ಸರದಂತೆ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಒಂದರ ಮೇಲೆ ನೆರಳು ಬಿದ್ದರೆ ಏಟು ಬೀಳುವುದು ಇಡೀ ಸರಕ್ಕೆ. ಮೊಬೈಲಿನಲ್ಲಿ ನೋಡಿದರೆ ಗುಡ್ಡದಂತೆ ಇಳಿಯಬೇಕಾದ ಗೆರೆ ಮೂರೂವರೆಗೆ ಮೆಟ್ಟಿಲು ಜಾರಿದ ಹಾಗೆ ಕುಸಿದಿತ್ತು. ಪಕ್ಕದ ಮನೆಯವರನ್ನು ಕೇಳಿ ಗರಿ ಕಡಿಸಿದೆ. ಎಳನೀರೂ ಕೊಟ್ಟು ಕಳಿಸಿದರು.

ಅಕ್ಟೋಬರ್‌ನಲ್ಲಿ ನೆಟ್ ಮೀಟರ್ ಬಂತು. ನಮ್ಮ ಮೀಟರ್‌ನಲ್ಲಿ ಅಂಕಿಗಳು ಒಂದಾದ ಮೇಲೊಂದು ಬರುತ್ತಾ ಇರುತ್ತವೆ. 1.8.0 ಅಂತ ಬಂದಾಗ ಕಾಣುವುದು ನಾವು ತಗೊಂಡ ಯೂನಿಟ್, 2.8.0 ಬಂದಾಗ ಕಾಣುವುದು ನಾವು ಕೊಟ್ಟಿದ್ದು. ಮೊದಲ ವಾರ ದಿನಕ್ಕೆ ಐದು ಸಲ ಮೀಟರ್ ಮುಂದೆ ಹೋಗಿ ನಿಲ್ಲುತ್ತಿದ್ದೆ. ಮಾಲೀಕನಾದ ನಾನು ಪ್ಯಾನಲ್ ಪಕ್ಕ ನಿಂತ ಫೋಟೋ, ಜಾಗದ ಗುರುತಿನ ಸಮೇತ, ಪೋರ್ಟಲ್‌ಗೆ ಹೋಯಿತು. ನವೆಂಬರ್‌ನಲ್ಲಿ 78,000 ಖಾತೆಗೆ ಬಿತ್ತು. ಯಾರಿಗೂ ಒಂದು ರೂಪಾಯಿ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ.

ನಮ್ಮ ಬಳಕೆ ತಿಂಗಳಿಗೆ 230ರಿಂದ 310 ಯೂನಿಟ್. ಮಾರ್ಚ್‌ನಲ್ಲಿ ಪ್ಯಾನಲ್ ಕೊಟ್ಟಿದ್ದು 390. ಜುಲೈನ ಮೋಡದಲ್ಲಿ 250. ಬಿಲ್ ಪೂರ್ತಿ ಸೊನ್ನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ನಿಗದಿತ ಶುಲ್ಕ ಅಂತ ನಾನೂರು ಚಿಲ್ಲರೆ ಬಂದೇ ಬರುತ್ತದೆ. ಉಳಿತಾಯ ತಿಂಗಳಿಗೆ ಸರಾಸರಿ 1,600. ಕೈಯಿಂದ ಹೋದ 1,27,000 ವಾಪಸ್ ಬರಲು ಆರೂವರೆ ವರ್ಷ ಬೇಕು. 2025ರ ಸೆಪ್ಟೆಂಬರ್ 22ರಿಂದ ಪ್ಯಾನಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ನಾನು ಒಂದು ವರ್ಷ ಮುಂಚೆ ಹಾಕಿಸಿದೆ, ಹೊಟ್ಟೆ ಉರಿಯದೆ ಇರುತ್ತದೆಯೇ?

ಹಳಬರ ಕಥೆ ಬೇರೆ. 2013ರಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ತಾರಸಿ ಸೋಲಾರ್ ಕರೆಂಟ್ ಕೊಳ್ಳಲು ನಿಗದಿ ಮಾಡಿದ್ದ ದರ ಯೂನಿಟ್‌ಗೆ 9.56 ರೂಪಾಯಿ. ಆಗ ಸರ್ಕಾರ ಆಸೆ ಹುಟ್ಟಿಸಿದ್ದು ಕೊಳ್ಳುವ ದರದಿಂದ, ಈಗ ಹಾಕಿಸುವ ಖರ್ಚಿನಲ್ಲಿ ಪಾಲು ಕೊಟ್ಟು. ಮಾರಿ ಗಳಿಸುವ ಕಾಲ ಮುಗಿಯಿತು. ಈಗ ನಮ್ಮ ಖರ್ಚಿಗೆ ಎಷ್ಟು ಬೇಕೋ ಅಷ್ಟು ಹಾಕಿಸಿಕೊಳ್ಳುವುದೇ ಜಾಣತನ.

ಹಾಕಿಸಿದ ತಿಂಗಳಲ್ಲೇ ಒಂದು ಮಧ್ಯಾಹ್ನ ಬೀದಿಗೆಲ್ಲಾ ಕರೆಂಟ್ ಹೋಯಿತು. ನಮ್ಮನೆ ಫ್ಯಾನೂ ನಿಂತಿತು. ಎದುರು ಮನೆಯ ಮೇಷ್ಟ್ರು ಗೇಟಿನ ಹತ್ತಿರ ಬಂದು, 'ಇಷ್ಟು ಬಿಸಿಲಲ್ಲಿ ನಿಮಗೂ ಕರೆಂಟ್ ಇಲ್ವೇನಯ್ಯ?' ಅಂದರು. ಬ್ಯಾಟರಿ ಇಲ್ಲದ ಇಂಥ ಸೋಲಾರ್ ಲೈನ್‌ನಲ್ಲಿ ಕರೆಂಟ್ ಇಲ್ಲದಾಗ ತಾನೂ ನಿಂತುಬಿಡುತ್ತದೆ. ಇಲ್ಲದಿದ್ದರೆ ನಮ್ಮ ಕರೆಂಟ್ ಹಿಂದಕ್ಕೆ ಹರಿದು ಕಂಬದ ಮೇಲಿರುವ ಲೈನ್‌ಮನ್‌ಗೆ ಹೊಡೆಯುತ್ತದೆ. ಬ್ಯಾಟರಿ ಬೇಕಂದರೆ ಅದರ ಖರ್ಚು ನಮ್ಮದೇ, ಅದಕ್ಕೆ ಈ ಸಬ್ಸಿಡಿ ಇಲ್ಲ.

ಮೇಷ್ಟ್ರು ಹೋದ ವಾರ ಮತ್ತೆ ಬಂದಿದ್ದರು. ತಾವೂ ಹಾಕಿಸಬೇಕಂತೆ. ಅವರ ಬಳಕೆ 140 ಯೂನಿಟ್, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. 'ನಿಮಗ್ಯಾಕೆ ಸಾರ್, ಉಳಿಸೋಕೆ ಏನಿದೆ?' ಅಂದೆ. ನಮ್ಮಂತೆ 200 ದಾಟುವ ಮನೆಗೆ ಮಾತ್ರ ಈ ಲೆಕ್ಕ ಕೂಡಿಬರುವುದು. ಅವರು ಬಿಡಲಿಲ್ಲ. ಮಗ ಬೇಸಿಗೆಗೆ ಎಸಿ ಹಾಕಿಸುತ್ತಾನಂತೆ, ಆಗ 200 ಎಲ್ಲಿ ಉಳಿಯುತ್ತದೆ ಅಂದರು. ಅದೂ ಸರಿಯೇ. ಹಾಗಾದರೆ ಬಿಲ್ ತನ್ನಿ ಅಂದೆ. ಒಳಗೆ ಹೋಗಿ, ಕನ್ನಡಕ ಹುಡುಕಿ, ಬಿಲ್ ಹಿಡಿದುಕೊಂಡು ಬಂದರು. ಇಬ್ಬರೂ ಒಟ್ಟಿಗೆ ಓದಿದೆವು. ಅದರಲ್ಲಿ ಅವರ ಮಾವನವರ ಹೆಸರಿತ್ತು.