ಎಂಟು ದಿನದ ವಿಯೆಟ್ನಾಂ, ಒಂದು ಮೂಟೆಯ ಲೆಕ್ಕ

ನಮ್ಮ ತೋಟ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಕಡೆ. ಐದು ಎಕರೆ, ಎಲ್ಲಾ ರೊಬಸ್ಟಾ ಕಾಫಿ. ನಡುವೆ ಸಿಲ್ವರ್ ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ನಾನು ಎಂಬಿಎ ಓದಿದ್ದು ಹಾಸನದಲ್ಲಿ. ಎರಡನೇ ವರ್ಷ ಕಾಲೇಜಿನವರು ಎಂಟು ದಿನದ ವಿದೇಶ ಅಧ್ಯಯನ ಪ್ರವಾಸ ಇಟ್ಟಾಗ ದುಬೈ, ವಿಯೆಟ್ನಾಂ ಅಂತ ಎರಡು ಆಯ್ಕೆ ಕೊಟ್ಟರು. ಜಾಸ್ತಿ ಜನ ದುಬೈ ಅಂದರು. ನಾನು ವಿಯೆಟ್ನಾಂ ಪಟ್ಟಿಯಲ್ಲಿ ಹೆಸರು ಬರೆಸಿದೆ.

ಚಿಕ್ಕಂದಿನಿಂದ ನಮ್ಮನೆಯಲ್ಲಿ ಆ ದೇಶದ ಹೆಸರು ಕೇಳುತ್ತಲೇ ಬೆಳೆದಿದ್ದೇನೆ. ಕಾಫಿ ರೇಟ್ ಬಿದ್ದರೆ ಅಪ್ಪ, "ವಿಯೆಟ್ನಾಂನಲ್ಲಿ ಫಸಲು ಜೋರಂತೆ" ಅನ್ನುತ್ತಿದ್ದರು. ಏರಿದರೆ, "ಅಲ್ಲಿ ಮಳೆ ಕೈಕೊಟ್ಟಿದೆಯಂತೆ." ರೊಬಸ್ಟಾ ಬೆಳೆಯೋದರಲ್ಲಿ ಜಗತ್ತಿಗೇ ಮೊದಲನೇ ದೇಶ ಅದು. ನಮ್ಮ ಮೂಟೆಯ ಬೆಲೆ ಅಲ್ಲಿನ ಮಳೆ ಬಿಸಿಲಿನ ಮೇಲೆ ನಿಂತಿದೆ. ಆದರೂ ನಮ್ಮ ಕಡೆ ಅದನ್ನು ಕಣ್ಣಾರೆ ನೋಡಿ ಬಂದವರು ನನಗೆ ಯಾರೂ ಗೊತ್ತಿರಲಿಲ್ಲ.

ಹೊರಟಿದ್ದು 2024ರ ಜನವರಿಯಲ್ಲಿ. ನಮ್ಮಲ್ಲಿ ರೊಬಸ್ಟಾ ಕೊಯ್ಲಿನ ಸಮಯ. ಮನೆಯಲ್ಲಿ ಒಬ್ಬರು ಕಡಿಮೆಯಾದರೂ ಕಷ್ಟವೇ. ಖರ್ಚು ಒಟ್ಟು 85 ಸಾವಿರದ ಹತ್ತಿರ ಬಂತು. ಅಪ್ಪ ಕಾಳುಮೆಣಸು ಮಾರಿದ ದುಡ್ಡಲ್ಲಿ ಕೊಟ್ಟರು. ಅಷ್ಟು ದುಡ್ಡು ಹಾಕಿ ಸುಮ್ನೆ ಫೋಟೋ ತೆಗೆಸಿಕೊಂಡು ಬರೋದು ನನ್ನಿಂದ ಆಗುತ್ತಿರಲಿಲ್ಲ.

ಕಾಗದಪತ್ರದ ಕೆಲಸ ಬೇಗ ಮುಗಿಯಿತು. ಪಾಸ್‌ಪೋರ್ಟ್ ಹಾಸನದ ಪೋಸ್ಟ್ ಆಫೀಸಿನಲ್ಲಿರುವ ಸೇವಾ ಕೇಂದ್ರದಲ್ಲೇ ಆಯಿತು. ವಿಯೆಟ್ನಾಂಗೆ ಇ-ವೀಸಾ ಸಾಕು, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಒಂದು ಎಚ್ಚರ ಬೇಕು. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೇ ತುಂಬಬೇಕು, ಇನಿಷಿಯಲ್ ಬಿಡಿಸಿ ಬರೆದಿದ್ದರೆ ಬಿಡಿಸಿಯೇ ಬರೆಯಬೇಕು. ನನ್ನ ಗೆಳತಿಯೊಬ್ಬಳು ಹುಟ್ಟಿದ ತಾರೀಕಿನಲ್ಲಿ ದಿನ, ತಿಂಗಳು ಅದಲುಬದಲು ಮಾಡಿ ತುಂಬಿದ್ದಳು. ಮತ್ತೆ ಮೊದಲಿಂದ ಅರ್ಜಿ ಹಾಕಿ, ಮತ್ತೆ ದುಡ್ಡು ಕಟ್ಟಬೇಕಾಯಿತು.

ನಿಜವಾದ ತಯಾರಿ ಆದದ್ದು ನಮ್ಮ ಕಣದಲ್ಲಿ. ಹೊರಡುವ ಹಿಂದಿನ ವಾರ ಅಪ್ಪ ಹಣ್ಣು ಹರಡುತ್ತಿದ್ದರು. "ಅಪ್ಪ, ಅಲ್ಲಿ ಏನು ಕೇಳ್ಕೊಂಡು ಬರಲಿ?" ಅಂದೆ. ಅವರು ತಲೆ ಎತ್ತದೆ ಮೂರೇ ಪ್ರಶ್ನೆ ಹೇಳಿದರು. ಎಕರೆಗೆ ಎಷ್ಟು ಬರುತ್ತೆ? ನೀರು ಎಲ್ಲಿಂದ? ಯಾವಾಗ ಮಾರ್ತಾರೆ? ಕಾಲೇಜಿನಲ್ಲಿ ನಮಗೆ ನಾಲ್ಕು ಪುಟದ ಪ್ರಶ್ನಾವಳಿ ಕೊಟ್ಟಿದ್ದರು. ಕೊನೆಗೆ ನನಗೆ ಕೆಲಸಕ್ಕೆ ಬಂದದ್ದು ಈ ಮೂರೇ.

ಮೊದಲ ಮೂರು ದಿನ ಹೋ ಚಿ ಮಿನ್ ಸಿಟಿ. ಹಳಬರು ಈಗಲೂ ಸೈಗಾನ್ ಅನ್ನುತ್ತಾರೆ. ರಸ್ತೆ ತುಂಬಾ ಬೈಕು. ಊಟದ ಬಗ್ಗೆ ನಮ್ಮ ಗುಂಪಿನ ಸಸ್ಯಾಹಾರಿಗಳಿಗೆ ಭಯವಿತ್ತು. ಅಂಗಡಿ ಬೋರ್ಡಿನಲ್ಲಿ 'ಚಾಯ್' ಅಂತ ಇದ್ದರೆ ಅದು ಸಸ್ಯಾಹಾರ ಅಂತ ಎರಡನೇ ದಿನ ಗೊತ್ತಾಯಿತು, ಆಮೇಲೆ ತೊಂದರೆ ಆಗಲಿಲ್ಲ. ಅಲ್ಲಿ ಎಷ್ಟೋ ಜನ ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ಮಾಂಸ ಬಿಡುತ್ತಾರೆ. ನನಗಂತೂ ಅವರ ಅಕ್ಕಿ ಶಾವಿಗೆ ನೋಡಿ ನಮ್ಮ ಒತ್ತುಶಾವಿಗೆಯೇ ನೆನಪಾಯಿತು. ಕಳಲೆ ಸಾರೂ ಸಿಕ್ಕಿತು.

ಎರಡನೇ ದಿನ ಕಾಫಿ ರಫ್ತು ಮಾಡುವವರ ಆಫೀಸಿಗೆ ಕರೆದುಕೊಂಡು ಹೋದರು. ನಾನು ಪ್ರಶ್ನಾವಳಿಯಲ್ಲಿದ್ದ ಹಾಗೇ, "ನಿಮ್ಮ ಮಾರ್ಕೆಟಿಂಗ್ ಸ್ಟ್ರಾಟಜಿ ಏನು?" ಅಂತ ಕೇಳಿದೆ. ಅವರು ಗುಣಮಟ್ಟ, ನಂಬಿಕೆ, ಪರಿಸರ ಅಂತ ಹೇಳಿದರು. ಅದೆಲ್ಲ ಅವರ ಬ್ರೋಶರ್‌ನಲ್ಲೇ ಇತ್ತು. ಹತ್ತು ನಿಮಿಷ ಹಾಗೇ ಹೋಯಿತು. ಆಮೇಲೆ ನೋಟ್‌ಬುಕ್ ಮುಚ್ಚಿಟ್ಟು, "ಹೋದ ವಾರ ಒಂದು ಕಂಟೇನರ್ ಕಳಿಸಿದಿರಲ್ವಾ, ಅದರ ಕಥೆ ಹೇಳಿ" ಅಂದೆ. ಆಗ ಅವರ ಮುಖ ಬದಲಾಯಿತು. ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.

ಆ ಒಂದು ಕಂಟೇನರ್‌ನಲ್ಲಿ ಇಡೀ ವ್ಯಾಪಾರವೇ ಇತ್ತು. ಗ್ರೇಡ್ 2, ಕಪ್ಪು ಮತ್ತು ಒಡೆದ ಕಾಳು ನೂರಕ್ಕೆ 5ರ ಒಳಗೆ. ಬೆಲೆ ಅಂದರೆ ಲಂಡನ್ ಮಾರುಕಟ್ಟೆಯ ರೊಬಸ್ಟಾ ದರ, ಅದರ ಮೇಲೆ ಇಷ್ಟು ಕೂಡಿಸಿ ಅಥವಾ ಕಳೆದು. ಅದೇ ಹೊತ್ತಿಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿತ್ತು. ಯುರೋಪಿಗೆ ಹೋಗುವ ಹಡಗು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗಬೇಕು. ಬಾಡಿಗೆ ಏರಿತ್ತು, ದಿನಗಳೂ ಜಾಸ್ತಿ ಹಿಡಿಯುತ್ತಿದ್ದವು. "ನಿಮ್ಮ ಕಾಫಿಗೂ ಇದೇ ದಾರಿ" ಅಂದರು ಅವರು. ಹೌದಲ್ವಾ! ನಮ್ಮ ಕಾಫಿ ಅತಿ ಹೆಚ್ಚು ಹೋಗೋದು ಇಟಲಿಗೆ. ಅದೂ ಅಲ್ಲೇ ಸುತ್ತಬೇಕು. ಗೋಣಿಬೀಡಿನ ಕಣಕ್ಕೂ ಆ ಸಮುದ್ರಕ್ಕೂ ಇರುವ ನಂಟು ನನಗೆ ಅರ್ಥವಾದದ್ದು ಆ ಕುರ್ಚಿಯಲ್ಲಿ ಕೂತಾಗ.

ಅಲ್ಲಿಂದ ಮುಂದೆ ಎಲ್ಲಿ ಹೋದರೂ ಕಳೆದ ವಾರ ಏನಾಯಿತು, ಕಳೆದ ವರ್ಷ ಏನು ಮಾಡಿದಿರಿ ಅಂತಲೇ ಕೇಳಿದೆ. ಜನ ಒಂದು ಸಲ ನಡೆದದ್ದನ್ನು ಹೇಳುವಾಗ ಲೆಕ್ಕವನ್ನೂ ಹೇಳುತ್ತಾರೆ, ನೋವನ್ನೂ ಹೇಳುತ್ತಾರೆ.

ನಾಲ್ಕನೇ ದಿನ ಡಾಕ್ ಲಾಕ್ ಪ್ರಾಂತ್ಯದ ಬುವನ್ ಮಾ ಥೂಟ್‌ಗೆ ಹೋದೆವು. ಇದು ಅವರ ಕಾಫಿ ರಾಜಧಾನಿ. ನೆಲವೆಲ್ಲ ಕೆಂಪು. ಶೂ, ಪ್ಯಾಂಟು, ಬ್ಯಾಗು ಎಲ್ಲಕ್ಕೂ ಅದೇ ಬಣ್ಣ ಹತ್ತಿತು. 2018ರಲ್ಲಿ ತೆರೆದ ಕಾಫಿ ಮ್ಯೂಸಿಯಂ ಇದೆ, ಒಂದು ಗಂಟೆಯಲ್ಲಿ ನೋಡಿ ಮುಗಿಸಿದೆವು. ಆ ದೇಶಕ್ಕೆ ಕಾಫಿ ತಂದದ್ದು ಫ್ರೆಂಚ್ ಪಾದ್ರಿಗಳು, 1857ರಲ್ಲಿ. ಆದರೆ ಇಷ್ಟು ದೊಡ್ಡದಾಗಿ ಬೆಳೆದದ್ದು 1986ರ ಆರ್ಥಿಕ ಸುಧಾರಣೆ ಆದಮೇಲೆ. ನಾನು ನಮ್ಮ ಬಾಬಾಬುಡನ್‌ಗಿರಿಗೆ ಕಾಫಿ ಬಂದ ಕಥೆ ಹೇಳಿದೆ. ಬಾಬಾಬುಡನ್ ಏಳು ಬೀಜ ತಂದರಂತೆ ಅಂದಾಗ ನಮ್ಮ ದುಭಾಷಿ ಹುಡುಗಿ ಏಳು ಬೆರಳು ತೋರಿಸಿ ಎರಡು ಸಲ ಖಾತ್ರಿ ಮಾಡಿಕೊಂಡಳು.

ನಾನು ಈ ಪ್ರವಾಸದಲ್ಲಿ ಕಳೆದ ಅತ್ಯಂತ ಒಳ್ಳೆಯ ಸಮಯ ಒಬ್ಬ ಬೆಳೆಗಾರರ ಮನೆಯಲ್ಲಿ. ಬಾಗಿಲಲ್ಲೇ ಅವರು ನನ್ನ ವಯಸ್ಸು ಕೇಳಿದರು. ಅಲ್ಲಿ ಹಾಗೆ ಕೇಳುವುದು ರೂಢಿ, ತಪ್ಪಲ್ಲ. ವಯಸ್ಸು ಗೊತ್ತಾಗದೆ ಅವರಿಗೆ ಮಾತಾಡಲು ಬರೋದಿಲ್ಲ. ಯಾಕಂದರೆ 'ನಾನು', 'ನೀವು' ಅನ್ನುವ ಜಾಗದಲ್ಲಿ ಅವರು ಅಣ್ಣ, ಅಕ್ಕ, ಚಿಕ್ಕಪ್ಪ, ದೊಡ್ಡಪ್ಪ ಅನ್ನುವ ಮಾತನ್ನೇ ಬಳಸುತ್ತಾರೆ. ನನ್ನ ಅಪ್ಪನಿಗಿಂತ ಅವರು ಚಿಕ್ಕವರು, ಹಾಗಾಗಿ ಅವರು ನನಗೆ 'ಚೂ', ಅಂದರೆ ಚಿಕ್ಕಪ್ಪ. ನಾವು ದಾರಿಯಲ್ಲಿ ಸಿಕ್ಕವರನ್ನೂ ಅಣ್ಣ, ಅಕ್ಕ ಅನ್ನುವವರು. ನನಗೆ ಅದು ಬಹಳ ಹತ್ತಿರ ಅನ್ನಿಸಿತು. ಏನೇ ಕೊಟ್ಟರೂ ಎರಡೂ ಕೈಯಲ್ಲಿ ಕೊಡಬೇಕು, ಎರಡೂ ಕೈಯಲ್ಲಿ ತಗೋಬೇಕು. ಅಮ್ಮ ಕಟ್ಟಿಕೊಟ್ಟಿದ್ದ ನಮ್ಮ ತೋಟದ ಕಾಫಿಪುಡಿ, ಕಾಳುಮೆಣಸಿನ ಪೊಟ್ಟಣವನ್ನು ಹಾಗೇ ಕೊಟ್ಟೆ. ಚಿಕ್ಕಪ್ಪ ಮೊದಲು ಮೆಣಸನ್ನು ಮೂಸಿದರು. ಅವರ ಹತ್ತಿರವೂ ಮೆಣಸಿನ ಬಳ್ಳಿ ಇತ್ತು, ಕಾಂಕ್ರೀಟ್ ಕಂಬಕ್ಕೆ ಹಬ್ಬಿಸಿದ್ದರು.

ಅಪ್ಪನ ಮೊದಲ ಪ್ರಶ್ನೆ ಕೇಳಿದೆ. ಅವರದ್ದು ಮೂರು ಎಕರೆ. ಸಿಪ್ಪೆ ತೆಗೆದ ಕಾಳು ಮೂರು ಟನ್‌ಗೂ ಜಾಸ್ತಿ ಬಂದಿತ್ತು. ನಮ್ಮ ಐದು ಎಕರೆಯಲ್ಲಿ ಎರಡು ಟನ್ ಬಂದರೆ ಒಳ್ಳೆಯ ವರ್ಷ. ತೋಟಕ್ಕೆ ಕಾಲಿಟ್ಟ ಕೂಡಲೇ ವ್ಯತ್ಯಾಸ ಕಂಡಿತು. ಗಿಡದ ನಡುವೆ ಅಂತರ ನಮ್ಮ ಹಾಗೇ, ಹತ್ತು ಅಡಿ. ಆದರೆ ತಲೆ ಮೇಲೆ ನೆರಳೇ ಇಲ್ಲ. ನಾವು ಹಾಲವಾಣ, ಸಿಲ್ವರ್, ಕಾಡುಮರಗಳ ಕೆಳಗೆ ಬೆಳೆಯುತ್ತೇವೆ, ವರ್ಷ ವರ್ಷ ಮರಗಸಿ, ಅಂದರೆ ನೆರಳಿನ ಕೊಂಬೆ ಕಡಿಯುವ ಕೆಲಸ, ಮಾಡಿಸುತ್ತೇವೆ. ಅಲ್ಲಿ ಬರೀ ಬಿಸಿಲು, ಅಲ್ಲಲ್ಲಿ ದುರಿಯನ್ ಹಣ್ಣಿನ ಗಿಡ. ಚೀನಾಕ್ಕೆ ದುರಿಯನ್ ರಫ್ತು ಶುರುವಾದಮೇಲೆ ಕಾಫಿ ಕಿತ್ತು ಅದನ್ನೇ ಹಾಕುವವರೂ ಇದ್ದಾರೆ.

ಪ್ರತಿ ಗಿಡದ ಬುಡದಲ್ಲೂ ದೊಡ್ಡ ತಟ್ಟೆಯ ಹಾಗೆ ಪಾತಿ. ನಾವು ಹೋದಾಗ ನೀರು ಬಿಡುತ್ತಿದ್ದರು. ದಪ್ಪ ಪೈಪನ್ನು ಹೆಗಲ ಮೇಲೆ ಹೊತ್ತು ಅವರ ಮಗ ಒಂದು ಪಾತಿ ತುಂಬಿಸಿ ಇನ್ನೊಂದಕ್ಕೆ ಹೋಗುತ್ತಿದ್ದ. ಒಂದು ಗಿಡಕ್ಕೆ ಒಂದು ಸಲಕ್ಕೆ 400 ಲೀಟರ್‌ಗೂ ಮೇಲೆ. ಬೇಸಿಗೆಯಲ್ಲಿ ಹೀಗೆ ಮೂರು ನಾಲ್ಕು ಸಲ. ನಾವು ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುತ್ತೇವೆ, ಇಲ್ಲ ಸ್ಪ್ರಿಂಕ್ಲರ್ ಹಾಕುತ್ತೇವೆ. ಅವರು ಹೂವನ್ನು ಪೈಪಿನಿಂದಲೇ ತರಿಸುತ್ತಾರೆ. ನೀರೆಲ್ಲಿಂದ ಅಂದದ್ದಕ್ಕೆ ಅವರು ತೆರೆದ ಬಾವಿ ತೋರಿಸಿದರು. ಬತ್ತಿತ್ತು. ಪಕ್ಕದಲ್ಲಿ ಬೋರ್ ಕೊರೆಸಿದ್ದರು. ಮೊದಲು ಅಷ್ಟು ಫಸಲು ನೋಡಿ ನನಗೆ ಆಸೆಯಾಗಿತ್ತು. ಆ ಬಾವಿಯೊಳಗೆ ಬಗ್ಗಿ ನೋಡಿದಮೇಲೆ ನಮ್ಮ ನೆರಳಿನ ಮರಗಳು ಎಷ್ಟು ನೀರು ಉಳಿಸುತ್ತಿವೆ ಅಂತ ಯೋಚನೆ ಶುರುವಾಯಿತು.

ಆವತ್ತಿನ ರೇಟ್ ಕೆ.ಜಿ.ಗೆ ಸುಮಾರು 72 ಸಾವಿರ ಡಾಂಗ್ ಅಂದರು. ಒಂದು ರೂಪಾಯಿಗೆ 300 ಡಾಂಗ್ ಅಂತ ಹಿಡಿದರೆ 240 ರೂಪಾಯಿ. ನಮ್ಮ ಮೂಟೆ 50 ಕೆ.ಜಿ., ನಾನು ಕೂಡಲೇ 50ರಿಂದ ಗುಣಿಸಿದೆ. ಮೂಟೆಗೆ 12 ಸಾವಿರ! ನಮ್ಮ ರೇಟಿನ ಡಬಲ್. ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಇಲ್ಲಿನವರಿಗೆ ಎರಡರಷ್ಟು ಸಿಗ್ತಿದೆ, ನಮಗೆ ಯಾರೋ ಮೋಸ ಮಾಡ್ತಿದ್ದಾರೆ ಅಂತ ಸಿಟ್ಟಿನಿಂದ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಹೇಳ್ತಿರೋದು ಕಾಳಿನ ರೇಟು. ನೀನು ಸಿಪ್ಪೆನೂ ಸೇರಿಸಿ ಗುಣಿಸ್ತಿದ್ದೀಯ" ಅಂದರು.

ನಾವು ಮಾರೋದು ಒಣಗಿದ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. 50 ಕೆ.ಜಿ. ಮೂಟೆಯಲ್ಲಿ ಕಾಳು ಎಷ್ಟು ಸಿಗುತ್ತೋ ಅದೇ ಔಟ್‌ಟರ್ನ್, ನಮ್ಮ ಬಾಯಲ್ಲಿ ಓಟಿ. 27 ಕೆ.ಜಿ. ಸಿಕ್ಕರೆ ಓಟಿ 27. ಹಾಗಾದರೆ 240ನ್ನು 27ರಿಂದ ಗುಣಿಸಬೇಕು. 6,480 ರೂಪಾಯಿ. ಆ ವಾರ ನಮ್ಮೂರಲ್ಲಿ ಹೇಳುತ್ತಿದ್ದ ರೇಟ್ ಇದರ ಆಸುಪಾಸಿನಲ್ಲೇ ಇತ್ತು. ಎರಡೂ ಕಡೆ ಬೆಲೆ ಬರೋದು ಅದೇ ಲಂಡನ್‌ನಿಂದ ಅಲ್ವಾ. ಎಂಬಿಎಯಲ್ಲಿ ಎರಡು ವರ್ಷ ಕಲಿತದ್ದಕ್ಕಿಂತ ಆ ಐದು ನಿಮಿಷದ ಫೋನ್ ನನಗೆ ಬೆಲೆ ಅಂದರೇನು ಅಂತ ಕಲಿಸಿತು. ಓಟಿ ಒಂದು ಕಡಿಮೆ ಬರೆದರೆ ಒಂದು ಮೂಟೆಗೆ 240 ರೂಪಾಯಿ ಹೋಯಿತು. ನಮ್ಮ 80 ಮೂಟೆಗೆ 19 ಸಾವಿರದ ಮೇಲೆ.

ಮಾರನೇ ದಿನ ಮತ್ತೆ ಚಿಕ್ಕಪ್ಪನ ಮನೆಗೆ ಹೋದೆ, ಮೂರನೇ ಪ್ರಶ್ನೆ ಬಾಕಿ ಇತ್ತು. ಹೋದ ವರ್ಷ ಯಾವಾಗ ಮಾರಿದಿರಿ? ಅವರು ಬೆರಳು ಮಡಚುತ್ತಾ ಹೇಳಿದರು. ಅವರ ಹೊಸ ವರ್ಷದ ಟೆಟ್ ಹಬ್ಬಕ್ಕೆ ಸ್ವಲ್ಪ. ಗೊಬ್ಬರಕ್ಕೆ ಸ್ವಲ್ಪ. ಮಗನ ಫೀಸಿಗೆ ಸ್ವಲ್ಪ. ಉಳಿದದ್ದು ಏಜೆಂಟರ ಗೋಡೌನಿನಲ್ಲಿ ಇಟ್ಟು, ರೇಟ್ ನೋಡಿ ಮಾರುವುದು. ನಮ್ಮಲ್ಲೂ ಹೀಗೇ ಸಿಪ್ಪೆ ಬಿಡಿಸಿ ಕಾಳು ಮಾಡುವ ಕ್ಯೂರಿಂಗ್‌ನಲ್ಲೋ, ಏಜೆಂಟರ ಹತ್ತಿರವೋ ಬಿಟ್ಟು ಬರುವವರು ಇದ್ದಾರೆ. ಆಮೇಲೆ ಅವರು ದನಿ ತಗ್ಗಿಸಿದರು. ಪಕ್ಕದ ಮನೆಯವರು ಹೀಗೇ ಎರಡು ಟನ್ ಇಟ್ಟಿದ್ದರು. ರೇಟ್ ಏರಿದಾಗ ಏಜೆಂಟ್ ಅಂಗಡಿ ಮುಚ್ಚಿ ಹೋದ. ಅವನು ಆ ಕಾಫಿಯನ್ನು ಎಂದೋ ಕಡಿಮೆ ರೇಟಿಗೆ ಮಾರಿಬಿಟ್ಟಿದ್ದ, ವಾಪಸ್ ಕೊಡಲು ಅವನ ಹತ್ತಿರ ಏನೂ ಇರಲಿಲ್ಲ. ಆ ಮನೆಯವರ ಹತ್ತಿರ ಸರಿಯಾದ ಚೀಟಿಯೂ ಇರಲಿಲ್ಲ.

ಚಿಕ್ಕಪ್ಪ ಎದ್ದು ಹಿರಿಯರ ಫೋಟೋ ಇಟ್ಟು ಊದುಬತ್ತಿ ಹಚ್ಚುವ ಗೂಡಿನ ಕೆಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರಲ್ಲಿ ಚೀಟಿಗಳು. ತಾರೀಕು, ತೂಕ, ತೇವಾಂಶ, ಕಪ್ಪು ಕಾಳಿನ ಪ್ರಮಾಣ, ಸಹಿ. ಒಂದೊಂದನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿ ತೋರಿಸಿದರು. ಅವುಗಳನ್ನು ಮುಟ್ಟುವಾಗ ಅವರ ಕೈಯಲ್ಲಿ ಎಷ್ಟು ಜೋಪಾನ ಇತ್ತು ಅನ್ನೋದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಊರಿಗೆ ಬಂದು ಅಪ್ಪನ ಹತ್ತಿರ ನಮ್ಮ ಚೀಟಿ ಕೇಳಿದೆ. ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದ ನಾಲ್ಕು ತುಂಡು ಕಾಗದ ಸಿಕ್ಕಿತು. ಮೂಟೆ ಎಷ್ಟು ಅಂತ ಮಾತ್ರ ಇತ್ತು. ಓಟಿ ಇಲ್ಲ, ತೇವಾಂಶ ಇಲ್ಲ, ಒಂದರಲ್ಲಿ ತಾರೀಕೂ ಇಲ್ಲ. ಫೆಬ್ರವರಿ ಕೊನೆಗೆ ಮೊದಲ ಲೋಡ್ 40 ಮೂಟೆ ಹಾಕುವಾಗ ನಾನೂ ಪಿಕಪ್‌ನಲ್ಲಿ ಹತ್ತಿ ಕೂತೆ. ಏಜೆಂಟರು ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ಕಾಳು ತೂಗಿ ಓಟಿ ಬಾಯಲ್ಲಿ ಹೇಳಿದರು. ಬರೆದುಕೊಡಿ ಅಂದೆ.

"ಯಾಕೆ ಗೌಡ್ರೆ, ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂತ ಅವರು ಅಪ್ಪನ ಮುಖ ನೋಡಿದರು.

"ನಂಬಿಕೆ ಇದೆ. ಮಗಳು ಲೆಕ್ಕ ಇಡ್ತಾಳೆ, ಬರ್ಕೊಡಿ" ಅಂದರು ಅಪ್ಪ.

ಬರೆದುಕೊಟ್ಟರು. ಓಟಿ 26.5. ಆ ಲೋಡನ್ನು ಆವತ್ತೇ ಮಾರಿ ಕೂಲಿ, ಗೊಬ್ಬರದ ಬಾಕಿ ತೀರಿಸಿದೆವು. ಉಳಿದ ಅರ್ಧವನ್ನು ನಮ್ಮ ಮನೆಯಲ್ಲೇ ಇಟ್ಟು ಏಪ್ರಿಲ್‌ನಲ್ಲಿ ಕೊಟ್ಟೆವು. ಅಷ್ಟೊತ್ತಿಗೆ ರೇಟ್ ಚೆನ್ನಾಗಿ ಏರಿತ್ತು. ಆ ಲೋಡಿನ ಓಟಿ 27 ಬಂತು. ಹಿಂದಿನ ವರ್ಷಗಳಲ್ಲಿ ಎಷ್ಟಿತ್ತು ಅಂತ ಹೋಲಿಸೋಣ ಅಂದರೆ ನಮ್ಮ ಹತ್ತಿರ ಬರೆದದ್ದು ಏನೂ ಇಲ್ಲ. 2024ರಿಂದ ಈಚೆಗೆ ಪ್ರತಿ ಲೋಡಿನ ಚೀಟಿಯೂ ಇದೆ.