ಯಾರ ಎಡ, ಯಾರ ಬಲ? ಶಿಲ್ಪದ ಫೋಟೋಗಳಿಗೆ ದಿಕ್ಕಿನ ಟ್ಯಾಗ್ ಮಾಡಿದ ಬಗೆ

ನಾವು ಕೆಲವು ಗೆಳೆಯರು ಸೇರಿ ಹೊಯ್ಸಳ ದೇವಸ್ಥಾನಗಳ ಮತ್ತು ವೀರಗಲ್ಲುಗಳ ಫೋಟೋಗಳನ್ನು ಆನ್‌ಲೈನ್‌ನಲ್ಲಿ ಒಂದೇ ಕಡೆ ಕೂಡಿಡುತ್ತಿದ್ದೇವೆ. ಯಾರು ಬೇಕಾದರೂ ಹುಡುಕಬಹುದು, ಬಳಸಬಹುದು. ಊರು, ದೇವಸ್ಥಾನ, ಕಾಲ, ದೇವರ ಹೆಸರು, ಇವಕ್ಕೆಲ್ಲ ಟ್ಯಾಗ್ ಹಾಕುವುದು ಸುಲಭ. ತೊಡಕಾಗಿದ್ದು "ಮುಖ ಯಾವ ಕಡೆ?" ಅನ್ನೋ ಪ್ರಶ್ನೆ. ಆ ಗುಂಪಿನ ಟ್ಯಾಗ್‌ಗಳಿಗೆ ವಿವರಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹೇಗೆ ಮಾಡಿದೆ ಅಂತ ಇಲ್ಲಿ ಹೇಳುತ್ತೇನೆ. ಹಕ್ಕಿಗಳ ಫೋಟೋ, ಮನೆತನದ ಹಳೇ ಫೋಟೋ ಜೋಡಿಸುತ್ತಿರುವವರಿಗೂ ಉಪಯೋಗಕ್ಕೆ ಬರಬಹುದು.

ದಿಕ್ಕಿನ ಟ್ಯಾಗ್ ಯಾಕೆ ಬೇಕು ಅಂತ ಕೆಲವರು ಕೇಳಿದರು. ಪುಸ್ತಕದ ಪುಟ ಜೋಡಿಸುವವರಿಗೆ ಬಲಕ್ಕೆ ನೋಡುವ ಆನೆ ಬೇಕಾಗುತ್ತದೆ. ಸಿಗದಿದ್ದರೆ ಎಡಕ್ಕೆ ನೋಡುವ ಆನೆಯನ್ನೇ ಕಂಪ್ಯೂಟರಿನಲ್ಲಿ ತಿರುಗಿಸಿಬಿಡುತ್ತಾರೆ. ಆನೆಯ ವಿಷಯದಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ವಿಷ್ಣುವಿನ ಮೂರ್ತಿಯನ್ನು ಹಾಗೆ ತಿರುಗಿಸಿದರೆ ಮಾತ್ರ ದೇವರೇ ಬದಲಾಗುತ್ತಾನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಟ್ಯಾಗ್‌ಗಳೆಲ್ಲ ನಿಂತಿರುವುದು ಇದರ ಮೇಲೆ.

ಸಂಧ್ಯಾವಂದನೆಯಲ್ಲಿ ಹೇಳುವ ಕೇಶವ, ನಾರಾಯಣ, ಮಾಧವ ಮುಂತಾದ 24 ಹೆಸರು ಗೊತ್ತಲ್ವಾ? ಹೊಯ್ಸಳ ಗುಡಿಗಳ ಗೋಡೆಯಲ್ಲಿ ಈ 24 ರೂಪಗಳು ಸಾಲಾಗಿ ನಿಂತಿರುವುದನ್ನು ನೋಡಬಹುದು. ನಿಲುವು ಒಂದೇ, ಕಿರೀಟ ಒಂದೇ. ಯಾರು ಯಾರು ಅಂತ ಗುರುತಿಸುವುದು ಕೈಗಳಿಂದ. ಶಂಖ, ಚಕ್ರ, ಗದೆ, ಪದ್ಮ, ನಾಲ್ಕು ವಸ್ತು. ಕೈಯೂ ನಾಲ್ಕು. ಅದಲು ಬದಲು ಮಾಡಿದರೆ 24 ಬಗೆ. ಕೆಳಗಿನ ಬಲಗೈಯಿಂದ ಶುರುಮಾಡಿ ಮೇಲಿನ ಬಲ, ಮೇಲಿನ ಎಡ, ಕೆಳಗಿನ ಎಡ ಅಂತ ಓದಿಕೊಂಡು ಹೋಗಬೇಕು. ಪದ್ಮ, ಶಂಖ, ಚಕ್ರ, ಗದೆ ಬಂದರೆ ಕೇಶವ. ಈಗ ಆ ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ. ಗದೆ, ಚಕ್ರ, ಶಂಖ, ಪದ್ಮ ಆಗುತ್ತದೆ. ಅದು ಮಾಧವ! ನಾರಾಯಣನನ್ನು ತಿರುಗಿಸಿದರೆ ಗೋವಿಂದ. ಗ್ರಂಥದಿಂದ ಗ್ರಂಥಕ್ಕೆ ಪಟ್ಟಿಯಲ್ಲಿ ಅಷ್ಟಿಷ್ಟು ವ್ಯತ್ಯಾಸ ಇದೆ, ನಾನು ಹೇಳಿದ್ದು ಜಾಸ್ತಿ ಬಳಕೆಯಲ್ಲಿರುವ ಪಟ್ಟಿಯ ಪ್ರಕಾರ. ಯಾವ ಪಟ್ಟಿ ಹಿಡಿದರೂ, ತಿರುಗಿಸಿದ ಫೋಟೋ ಬೇರೆ ಹೆಸರಿಗೇ ಹೋಗುತ್ತದೆ.

ಹಾಗಾಗಿ ಮೊದಲು ತೀರ್ಮಾನ ಆಗಬೇಕಾಗಿದ್ದು ಒಂದೇ: "ಎಡ" ಅಂದರೆ ಯಾರ ಎಡ? ಫೋಟೋ ನೋಡುವವರದ್ದೋ, ಮೂರ್ತಿಯದ್ದೋ?

ಎರಡಕ್ಕೂ ಆಧಾರ ಇದೆ. ನಾಣ್ಯಗಳ ಕ್ಯಾಟಲಾಗಿನಲ್ಲಿ ರಾಜನ ತಲೆ ಎಡಕ್ಕಿದೆ ಅಂದರೆ ನೋಡುವವರ ಎಡ. ಮ್ಯೂಸಿಯಂನವರು ಮೂರ್ತಿಯ ಕೈಕಾಲು ವಿವರಿಸುವಾಗ ಮೂರ್ತಿಯದೇ ಎಡಬಲ ಹಿಡಿಯುತ್ತಾರೆ. ನಮ್ಮ ಜನರ ಬಳಕೆಯೂ ಹಾಗೇ ಇದೆ. ಬಲಮುರಿ ಗಣಪತಿ ಅಂದರೆ ಸೊಂಡಿಲು ಗಣಪತಿಯ ಬಲಕ್ಕೆ ತಿರುಗಿದೆ ಅಂತ. ಎದುರು ನಿಂತು ಕೈ ಮುಗಿಯುವವರಿಗೆ ಅದು ಎಡಗಡೆ ಕಾಣುತ್ತದೆ.

ಎರಡರಲ್ಲಿ ಒಂದನ್ನು ಬಿಡಬೇಕು ಅಂತ ಗೆಳೆಯರಲ್ಲಿ ವಾದ ನಡೆಯಿತು. ನಾನು ಒಪ್ಪಲಿಲ್ಲ. ಎರಡೂ ಬೇರೆ ಬೇರೆ ಕೆಲಸಕ್ಕೆ ಬೇಕು. ಪುಟ ಜೋಡಿಸುವವರು ನೋಡುವವರ ಕಡೆಯಿಂದ ಹುಡುಕುತ್ತಾರೆ, ಶಿಲ್ಪಶಾಸ್ತ್ರ ಓದಿದವರು ಮೂರ್ತಿಯ ಕಡೆಯಿಂದ. ಕೊನೆಗೆ ಹೀಗೆ ಮಾಡಿದೆವು. ಮುಖ ತಿರುಗಿದ ದಿಕ್ಕಿಗೆ ಚಿತ್ರದ ಎಡಬಲ. ಕೈ, ಕಾಲು, ಸೊಂಡಿಲಿಗೆ ಮೂರ್ತಿಯ ಎಡಬಲ. ಟ್ಯಾಗ್‌ನ ಹೆಸರಲ್ಲೇ ಅದನ್ನು ಸೇರಿಸಿದೆವು: "ಮುಖ ಚಿತ್ರದ ಎಡಕ್ಕೆ", "ಮೂರ್ತಿಯ ಬಲಗೈಯಲ್ಲಿ ಚಕ್ರ". ಸುಮ್ನೆ "ಎಡ" ಅಥವಾ "ಬಲ" ಅಂತ ಟ್ಯಾಗ್ ಹಾಕಲು ಅವಕಾಶವೇ ಇಲ್ಲ. ಮಾಸ್ತಿಕಲ್ಲಿನಲ್ಲಿ ಮೊಣಕೈ ಮಡಿಸಿ ಮೇಲೆತ್ತಿದ ಬಳೆ ತೊಟ್ಟ ಕೈ ಇರುತ್ತದಲ್ಲ, ಅದಕ್ಕೆ ಈ ಎರಡನೇ ಗುಂಪಿನ ಟ್ಯಾಗೇ ಸರಿ. ಅಲ್ಲಿ ಕೆಲವೊಮ್ಮೆ ಮುಖವೇ ಇರುವುದಿಲ್ಲ, ಕೈ ಮಾತ್ರ ಇರುತ್ತದೆ.

ಇನ್ನು ವಿವರಣೆ ಬರೆಯುವುದು. ಇಲ್ಲಿ ನನಗೆ ಜಾಸ್ತಿ ಹೊತ್ತು ಹಿಡಿಯಿತು. ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಟ್ಯಾಗ್ ಹಾಕಿದರೂ ಒಂದೇ ಉತ್ತರ ಬರಬೇಕು, ಆಗಲೇ ವಿವರಣೆ ಸರಿಯಾಗಿದೆ ಅನ್ನಬಹುದು. ಒಂದು ವಿವರಣೆಯನ್ನು ಇದ್ದ ಹಾಗೇ ಕೊಡುತ್ತೇನೆ:

"ಮುಖ ಚಿತ್ರದ ಎಡಕ್ಕೆ: ಮುಖ್ಯ ಆಕೃತಿಯ ಮೂಗು ಫೋಟೋ ನೋಡುವವರ ಎಡಗೈ ಕಡೆ ತಿರುಗಿದ್ದರೆ ಹಾಕಿ. ಮೈ ಯಾವ ಕಡೆ ಇದೆ ಅನ್ನುವುದು ಲೆಕ್ಕಕ್ಕಿಲ್ಲ. ಎರಡೂ ಕೆನ್ನೆ ಒಂದೇ ಸಮ ಕಂಡರೆ ಹಾಕಬೇಡಿ, ಎದುರು ಮುಖ ಅಂತ ಹಾಕಿ."

ಮೂಗನ್ನೇ ಹಿಡಿದಿದ್ದಕ್ಕೆ ಬೇಲೂರಿನ ಮದನಿಕೆಯರು ಕಾರಣ. ಆ ಮೂರ್ತಿಗಳಲ್ಲಿ ಸೊಂಟ ಒಂದು ಕಡೆ, ಭುಜ ಒಂದು ಕಡೆ, ತಲೆ ಮತ್ತೊಂದು ಕಡೆ ಬಾಗಿರುತ್ತದೆ. ಮೈ ನೋಡಿ ದಿಕ್ಕು ಹೇಳಿ ಅಂದರೆ ನಾಲ್ಕು ಜನ ನಾಲ್ಕು ಮಾತು ಹೇಳುತ್ತಾರೆ. ಮೂಗಿನ ವಿಷಯದಲ್ಲಿ ಜಗಳ ಬರುವುದಿಲ್ಲ. ಮುಖ ಎಷ್ಟು ತಿರುಗಿದೆ ಅನ್ನುವುದಕ್ಕೆ ಕಣ್ಣು ಎಣಿಸುತ್ತೇವೆ. ಎರಡು ಕಣ್ಣೂ ಕಂಡು ಒಂದು ಕೆನ್ನೆ ಕಿರಿದಾಗಿದ್ದರೆ "ಮುಕ್ಕಾಲು ಮುಖ". ಒಂದೇ ಕಣ್ಣು ಕಂಡರೆ "ಪಕ್ಕದ ಮುಖ". ಕಣ್ಣೇ ಕಾಣದಿದ್ದರೆ "ಹಿಂಬದಿ". ಕಿವಿಯನ್ನು ಎಣಿಸೋಣ ಅಂತ ಒಬ್ಬರು ಹೇಳಿದ್ದರು. ಹೊಯ್ಸಳ ಶಿಲ್ಪದಲ್ಲಿ ಓಲೆ, ಕುಂಡಲ ಎಷ್ಟು ದೊಡ್ಡವು ಅಂದರೆ ಕಿವಿ ಎಲ್ಲಿ ಮುಗಿಯಿತು, ಒಡವೆ ಎಲ್ಲಿ ಶುರುವಾಯಿತು ಅಂತ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ಕಣ್ಣೇ ಉಳಿಯಿತು.

ಮೂಗು ಮುರಿದ ಮೂರ್ತಿಗಳೂ ಬೇಕಾದಷ್ಟಿವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅಂಥವಕ್ಕೆ ಗಲ್ಲ ಮತ್ತು ಕಿರೀಟದ ತಿರುವು ನೋಡಿ ಹೇಳಬಹುದಾದರೆ ಹೇಳುತ್ತೇವೆ. ಇಲ್ಲದಿದ್ದರೆ "ಮುಖ ಹಾಳಾಗಿದೆ" ಅಂತ ಹಾಕಿ ದಿಕ್ಕು ಬಿಡುತ್ತೇವೆ. ಊಹೆ ಮಾಡಿ ತುಂಬಿಸುವುದಕ್ಕಿಂತ ಖಾಲಿ ಬಿಡುವುದು ಒಳ್ಳೆಯದು, ಇದರಲ್ಲಿ ನಾನು ಕಟ್ಟುನಿಟ್ಟು.

"ಮುಖ್ಯ ಆಕೃತಿ" ಯಾವುದು ಅನ್ನುವುದಕ್ಕೂ ನಿಯಮ ಬೇಕಾಯಿತು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಯುದ್ಧ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಇಡೀ ಕಲ್ಲಿನ ಫೋಟೋಗೆ ಒಂದು ದಿಕ್ಕು ಅಂತ ಇಲ್ಲವೇ ಇಲ್ಲ. ಅದಕ್ಕೆ ದಿಕ್ಕಿನ ಟ್ಯಾಗ್ ಹಾಕುವುದಿಲ್ಲ, ಪ್ರತಿ ಪಟ್ಟಿಯನ್ನೂ ಬೇರೆ ಫೋಟೋ ಮಾಡಿ ಹಾಕುತ್ತೇವೆ. ಇಬ್ಬರು ಕಾದಾಡುತ್ತಿದ್ದರೆ, ಕಲ್ಲು ಯಾರ ನೆನಪಿಗೆ ನಿಂತಿದೆಯೋ ಅವರು ಮುಖ್ಯ. 10ನೇ ಶತಮಾನದ ಆತಕೂರು ಶಾಸನದ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದರಲ್ಲಿ ನಾಯಿ ಮತ್ತು ಕಾಡುಹಂದಿಯ ಕಾದಾಟ ಇದೆ. ಕಲ್ಲು ನಿಂತಿರುವುದು ಕಾಳಿ ಅನ್ನುವ ಆ ನಾಯಿಯ ನೆನಪಿಗೆ. ಹಾಗಾಗಿ ನಾಯಿಯ ಮುಖ ನೋಡಿಯೇ ದಿಕ್ಕು ಹಾಕಬೇಕು, ಹಂದಿಯದ್ದಲ್ಲ. ಜೊತೆಗೆ "ಎದುರುಬದುರು" ಅಂತ ಇನ್ನೊಂದು ಟ್ಯಾಗ್. ಹೊಯ್ಸಳ ಲಾಂಛನದ ಸಳನಿಗೂ ಇದೇ ನಿಯಮ, ಸಳನೇ ಮುಖ್ಯ.

ಕ್ಯಾಮೆರಾಕ್ಕೆ ಸಂಬಂಧಿಸಿದ್ದನ್ನು ಬೇರೆಯೇ ಗುಂಪಿನಲ್ಲಿಟ್ಟೆವು. "ಕೆಳಗಿನಿಂದ ತೆಗೆದದ್ದು" ಅನ್ನುವುದು ಮೂರ್ತಿಯ ಗುಣ ಅಲ್ಲ, ತೆಗೆದವರು ನಿಂತ ಜಾಗ. ಹಾಗೇ ಫೋಟೋ ಫೈಲಿನೊಳಗಿನ ಎಕ್ಸಿಫ್ ಮಾಹಿತಿಯಲ್ಲಿ ಓರಿಯೆಂಟೇಶನ್ ಅಂತ 1ರಿಂದ 8ರವರೆಗಿನ ಒಂದು ಅಂಕಿ ಇರುತ್ತದೆ. ಅದು ಚಿತ್ರವನ್ನು ಯಾವ ಕಡೆ ತಿರುಗಿಸಿ ತೋರಿಸಬೇಕು ಅಂತ ಹೇಳುತ್ತದೆ, ಅಷ್ಟೇ. ಚಿತ್ರ ನೆಟ್ಟಗೆ ನಿಂತ ಮೇಲೆಯೇ ನಮ್ಮ ಟ್ಯಾಗ್ ಶುರು.

ಮೂಡಣ ಪಡುವಣದ ದಿಕ್ಕಿಗೂ ಒಂದು ಗುಂಪು ಇದೆ. ಹಳೇಬೀಡಿನ ಹೊಯ್ಸಳೇಶ್ವರದ ಗರ್ಭಗುಡಿಗಳು ಪೂರ್ವಕ್ಕೆ ಮುಖ ಮಾಡಿವೆ, ಎದುರಿನ ನಂದಿಗಳು ಪಶ್ಚಿಮಕ್ಕೆ. ಇದನ್ನು ಚಿತ್ರದ ಎಡಬಲದಿಂದ ಹೇಳಲು ಆಗುವುದಿಲ್ಲ. ಒಂದೇ ನಂದಿಯನ್ನು ಈ ಪಕ್ಕದಿಂದ ತೆಗೆದರೆ ಮುಖ ಎಡಕ್ಕೆ, ಆ ಪಕ್ಕದಿಂದ ತೆಗೆದರೆ ಬಲಕ್ಕೆ. ಆದರೆ ನಂದಿ ನೋಡುವುದು ಯಾವಾಗಲೂ ಪಶ್ಚಿಮವನ್ನೇ. ಈ ಟ್ಯಾಗನ್ನು ಜಾಗದಲ್ಲೇ ಇರುವ ಮೂರ್ತಿಗೆ ಮಾತ್ರ ಹಾಕುತ್ತೇವೆ. ಮ್ಯೂಸಿಯಂಗೆ ಬಂದು ನಿಂತ ಮೂರ್ತಿಗೆ ಇಲ್ಲ.

ಬರೆದಿದ್ದನ್ನು ಪರೀಕ್ಷೆ ಮಾಡಿದ್ದು ಹೀಗೆ. ಒಂದೇ ಫೋಟೋಗಳ ಕಟ್ಟನ್ನು ಇಬ್ಬರಿಗೆ ಬೇರೆ ಬೇರೆ ಕೊಟ್ಟು ಟ್ಯಾಗ್ ಹಾಕಿಸಿದೆವು. ಒಬ್ಬರು ಇತಿಹಾಸ ಓದಿದವರು, ಇನ್ನೊಬ್ಬರಿಗೆ ಶಿಲ್ಪದ ಗಂಧಗಾಳಿ ಇಲ್ಲ. ಉತ್ತರ ಹೊಂದದ ಕಡೆಯೆಲ್ಲ ವಿವರಣೆಯನ್ನು ಮತ್ತೆ ತಿದ್ದಿದೆವು. ಜಾಸ್ತಿ ತಕರಾರು ಬಂದಿದ್ದು ಎದುರು ಮುಖ ಮತ್ತು ಮುಕ್ಕಾಲು ಮುಖದ ನಡುವೆ. ಅದಕ್ಕೆ ಮಾತಿಗಿಂತ ಚಿತ್ರವೇ ವಾಸಿ. ಈಗ ಪ್ರತಿ ಟ್ಯಾಗ್‌ನ ಜೊತೆ ಎರಡು ಫೋಟೋ ಇವೆ: ಒಂದು "ಇದಕ್ಕೆ ಹಾಕಿ", ಇನ್ನೊಂದು "ಇದು ಹತ್ತಿರ ಇದೆ, ಆದರೂ ಹಾಕಬೇಡಿ".

ಇಷ್ಟೆಲ್ಲ ಮಾಡಿದರೂ ಮೂಲ ಫೋಟೋವೇ ತಿರುಗಿದ್ದರೆ ಏನು ಗತಿ? ಹಳೇ ಸ್ಲೈಡನ್ನು ಮಗುಚಿ ಸ್ಕ್ಯಾನ್ ಮಾಡಿದರೆ ಹೀಗಾಗುತ್ತದೆ. ಹೊಯ್ಸಳ ಶಿಲ್ಪಿಗಳು ಇಲ್ಲಿ ನಮಗೆ ದೊಡ್ಡ ಉಪಕಾರ ಮಾಡಿದ್ದಾರೆ. ಬೇಲೂರಿನಲ್ಲಿ ದಾಸೋಜ, ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ತಾವು ಕೆತ್ತಿದ ಮೂರ್ತಿಗಳ ಬಳಿ ಹೆಸರು ಕೆತ್ತಿದ್ದಾರೆ. ಪೀಠದಲ್ಲಿ ಅಕ್ಷರ ಕಂಡರೆ ಮೊದಲು ಅದನ್ನು ಹಿಗ್ಗಿಸಿ ನೋಡುತ್ತೇವೆ. ಅಕ್ಷರ ಕನ್ನಡಿಯಲ್ಲಿ ಕಂಡಂತಿದ್ದರೆ ಫೋಟೋ ತಿರುಗಿದೆ ಅಂತಲೇ ಅರ್ಥ. ಅಕ್ಷರ ಇಲ್ಲದ ಕಡೆ ವೇಣುಗೋಪಾಲ ಸಿಕ್ಕರೆ ಸುಳಿವು ಸಿಗುತ್ತದೆ, ಅವನ ಕೊಳಲು ಸಾಮಾನ್ಯವಾಗಿ ಅವನ ಬಲಕ್ಕೇ ಚಾಚಿರುತ್ತದೆ. ಅನುಮಾನ ಬಂದ ಫೋಟೋಗಳನ್ನು ತಿದ್ದದೆ "ತಿರುಗಿರಬಹುದು" ಅಂತ ಗುರುತು ಹಾಕಿ, ಕಳಿಸಿದವರನ್ನು ಕೇಳುತ್ತೇವೆ.

ಈಗ ಕೈಯಲ್ಲಿರುವ ಕೆಲಸ ಪಟ್ಟಿಕೆಗಳದ್ದು. ಹಳೇಬೀಡಿನ ಗೋಡೆಯ ಬುಡದಲ್ಲಿ ಆನೆ, ಸಿಂಹ, ಕುದುರೆ ಸವಾರರ ಸಾಲುಗಳಿವೆ. ಇವು ಪ್ರದಕ್ಷಿಣೆಯ ಜೊತೆಗೆ ನಡೆಯುತ್ತವೋ, ಎದುರಾಗಿ ಬರುತ್ತವೋ ಅಂತ ಓದುಗರು ಕೇಳುತ್ತಾರೆ. ಪ್ರದಕ್ಷಿಣೆ ಬರುವಾಗ ಗುಡಿ ನಮ್ಮ ಬಲಕ್ಕಿರುತ್ತದೆ. ನಿಂತು ಗೋಡೆಗೆ ಮುಖ ಮಾಡಿದರೆ ನಾವು ಹೋಗುತ್ತಿದ್ದ ದಾರಿ ಎಡಕ್ಕೆ ಬರುತ್ತದೆ. ಹಾಗಾಗಿ ಗುಡಿಯ ಹೊರಗೋಡೆಯಲ್ಲಿ "ಮುಖ ಚಿತ್ರದ ಎಡಕ್ಕೆ" ಇರುವ ಆನೆ ಪ್ರದಕ್ಷಿಣೆಯ ಜೊತೆಗೆ ನಡೆಯುವ ಆನೆ. ಪ್ರಾಕಾರದ ಗೋಡೆಯ ಒಳಮೈಯಲ್ಲಿ ಇದು ಉಲ್ಟಾ, ಅಲ್ಲಿ ಗೋಡೆ ನಮ್ಮ ಎಡಕ್ಕಿರುತ್ತದೆ. ಅದಕ್ಕೆ "ಪ್ರದಕ್ಷಿಣೆಯ ಜೊತೆ" ಅನ್ನುವ ಟ್ಯಾಗನ್ನು ಯಾರೂ ಕೈಯಿಂದ ಹಾಕದಂತೆ ಮಾಡುತ್ತಿದ್ದೇವೆ. ಮುಖದ ದಿಕ್ಕು ಮತ್ತು ಗೋಡೆಯ ಮೈ, ಈ ಎರಡು ಟ್ಯಾಗ್ ಸರಿಯಾಗಿದ್ದರೆ ಮೂರನೆಯದು ತಾನೇ ಬರುತ್ತದೆ. ಗೋಡೆಯ ಹೊರಮೈಯೋ ಒಳಮೈಯೋ ಅಂತ ಬರೆಯದೆ ಬಂದ ಫೋಟೋಗಳು ಇನ್ನೂ ತುಂಬಾ ಇವೆ, ಅವನ್ನು ಒಂದೊಂದಾಗಿ ನೋಡುತ್ತಿದ್ದೇವೆ.